ಸ್ಪಷ್ಟನೆ: ಓವರ್‌ವೋಲ್ಟೇಜ್‌ಗೆ ಸೆಕೆಂಡ್ ಹಾರ್ಮೋನಿಕ್ ಸೆಟ್ಟಿಂಗ್ ಸಾಲದು
"ಡಿಫರೆನ್ಶಿಯಲ್ ರಿಲೇಯಲ್ಲಿ ಸೆಕೆಂಡ್ ಹಾರ್ಮೋನಿಕ್ ಬ್ಲಾಕಿಂಗ್ ಇದ್ದರೆ ಓವರ್‌ವೋಲ್ಟೇಜ್‌ನಿಂದ ಟ್ರಿಪ್ ಆಗುವುದಿಲ್ಲ, ಫಿಫ್ತ್ ಹಾರ್ಮೋನಿಕ್ ಆಫ್ ಮಾಡಬಹುದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಡಿಫರೆನ್ಶಿಯಲ್ ರಿಲೇ ಎಂದರೆ ಟ್ರಾನ್ಸ್‌ಫಾರ್ಮರ್‌ನ ಎರಡೂ ಬದಿಯ ಕರೆಂಟ್ ಹೋಲಿಸಿ, ವ್ಯತ್ಯಾಸ ಕಂಡರೆ ಟ್ರಿಪ್ ಮಾಡುವ, ಅಂದರೆ ಸಂಪರ್ಕ ಕಡಿಸುವ, ರಕ್ಷಣಾ ಸಾಧನ. ಹಾರ್ಮೋನಿಕ್ ಎಂದರೆ ಮೂಲ 50 ಹರ್ಟ್ಜ್‌ನ ಎರಡು, ಮೂರು, ಐದು ಹೀಗೆ ಪಟ್ಟು ಫ್ರೀಕ್ವೆನ್ಸಿಯ ಅಲೆ; ಅದು ಹೆಚ್ಚಿದ್ದಾಗ ಟ್ರಿಪ್ ತಡೆಯುವುದೇ ಬ್ಲಾಕಿಂಗ್.

ಸೆಕೆಂಡ್ ಹಾರ್ಮೋನಿಕ್, ಅಂದರೆ 100 ಹರ್ಟ್ಜ್, ಇರುವುದು ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡುವಾಗಿನ ಇನ್‌ರಶ್ (ಸ್ವಲ್ಪ ಹೊತ್ತು ನುಗ್ಗುವ ಭಾರೀ ಕರೆಂಟ್) ಗುರುತಿಸಲು. ಆ ಅಲೆ ಶೂನ್ಯಗೆರೆಯ ಒಂದೇ ಬದಿಗೆ ವಾಲಿರುತ್ತದೆ. ಓವರ್‌ವೋಲ್ಟೇಜ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್ ಎರಡೂ ಅರ್ಧಾವರ್ತನೆಯಲ್ಲಿ ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯದ ಮಿತಿ ಮುಟ್ಟುತ್ತದೆ. ರೆಕಾರ್ಡರ್‌ನಲ್ಲಿ ಮೇಲೂ ಕೆಳಗೂ ಒಂದೇ ಥರದ ಚೂಪು ಶಿಖರಗಳು ಕಾಣುತ್ತವೆ. ಹೀಗೆ ಸಮವಾದ ಅಲೆಯಲ್ಲಿ ಸಮ ಹಾರ್ಮೋನಿಕ್‌ಗಳು ಇರುವುದೇ ಇಲ್ಲವೆನ್ನಬಹುದು. ಮೂರನೆಯದು ಡೆಲ್ಟಾ ವೈಂಡಿಂಗ್‌ನೊಳಗೇ (ತ್ರಿಕೋನವಾಗಿ ಜೋಡಿಸಿದ ಸುರುಳಿಗಳೊಳಗೇ) ಸುತ್ತುತ್ತದೆ. ಗುರುತಿಗೆ ಸಿಗುವುದು ಐದನೆಯದು, 250 ಹರ್ಟ್ಜ್. ಕೋರನ್ನು ಕಾಂತೀಯಗೊಳಿಸುವ ಈ ಮ್ಯಾಗ್ನೆಟೈಸಿಂಗ್ ಕರೆಂಟ್ ಒಂದೇ ಕಡೆಯಿಂದ ಹರಿಯುವುದರಿಂದ ರಿಲೇ ಅದನ್ನು ಒಳಗಿನ ಫಾಲ್ಟ್ ಎಂದೇ ಭಾವಿಸುತ್ತದೆ.

ಇನ್ನೊಂದು ಮಾತು, ಇದು ಮುಖ್ಯ: ಫಿಫ್ತ್ ಹಾರ್ಮೋನಿಕ್ ಬ್ಲಾಕಿಂಗ್ ತಪ್ಪು ಟ್ರಿಪ್ ತಡೆಯುತ್ತದೆ, ಕೋರನ್ನು ಕಾಯುವುದಿಲ್ಲ. ಫ್ಲಕ್ಸ್ (ಕಾಂತಪ್ರವಾಹ) ಕೋರ್ ಬಿಟ್ಟು ಹೊರಚೆಲ್ಲಿದಾಗ ಕ್ಲ್ಯಾಂಪು, ಟ್ಯಾಂಕು ಬಿಸಿಯಾಗುತ್ತವೆ. ಅದಕ್ಕೆ ಬೇರೆಯೇ ಓವರ್‌ಫ್ಲಕ್ಸಿಂಗ್ ರಿಲೇ, ರಿಲೇಗಳ ಪ್ರಮಾಣಿತ ಪಟ್ಟಿಯ ನಂಬರ್ 24, ಬೇಕು. ಅದು ನೋಡುವುದು ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿಯ ಅನುಪಾತ. ವೋಲ್ಟೇಜ್ ಶೇ 110, ಫ್ರೀಕ್ವೆನ್ಸಿ 49 ಹರ್ಟ್ಜ್ ಆದರೆ ಫ್ಲಕ್ಸ್ ಸುಮಾರು ಶೇ 112.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಅದನ್ನು ಓದಿ ಸೆಟ್ಟಿಂಗ್ ಬದಲಿಸಿದ್ದರೆ, ರಿಲೇ ಮ್ಯಾನ್ಯುಯಲ್ ಮತ್ತು ಅನುಮೋದಿತ ಸೆಟ್ಟಿಂಗ್ ಶೀಟ್ ನೋಡಿ ಇಂದೇ ಸರಿಪಡಿಸಿ.