ಕ್ಯಾಪ್ಟನ್ ಲಕ್ಷ್ಮಿ ಡಾಕ್ಟರಿಕೆ ಬಿಟ್ಟದ್ದು ಯಾವಾಗ?

ನೇತಾಜಿಯವರ ಆಜಾದ್ ಹಿಂದ್ ಸೇನೆಯಲ್ಲಿ ಝಾನ್ಸಿ ರಾಣಿ ರೆಜಿಮೆಂಟ್ ಅನ್ನೋ ಹೆಂಗಸರ ಪಡೆ ಕಟ್ಟಿದ ಡಾಕ್ಟರ್, ಕ್ಯಾಪ್ಟನ್ ಲಕ್ಷ್ಮಿ (ಲಕ್ಷ್ಮಿ ಸೆಹಗಲ್). ಅವರ ಹೆಸರು ಎತ್ತಿದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: ಸ್ಟೆತಸ್ಕೋಪ್ ಬಿಟ್ಟು ಬಂದೂಕು ಹಿಡಿದರು. ಕೇಳೋಕೆ ಚೆನ್ನಾಗಿದೆ, ನನಗೆ ಮಾತ್ರ ಒಪ್ಪಿಗೆಯಿಲ್ಲ. ಅವರು ಡಾಕ್ಟರ್ ಆಗಿದ್ದಕ್ಕೇ ಆ ಹೆಂಗಸರ ಪಡೆ ಕಟ್ಟೋಕೆ ಆಯಿತು ಅಂತ ನಾನು ನಂಬಿದ್ದೇನೆ.

1938ರಲ್ಲಿ ಮದ್ರಾಸಿನಲ್ಲಿ ಎಂಬಿಬಿಎಸ್ ಮುಗಿಸಿ, ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಡಿಪ್ಲೊಮಾ ಮಾಡಿ, 1940ರಲ್ಲಿ ಸಿಂಗಪುರಕ್ಕೆ ಹೋದರು. ಅಲ್ಲಿ ಅವರ ಕ್ಲಿನಿಕ್ಕಿಗೆ ಬರ್ತಿದ್ದವರು ಹೆಚ್ಚಾಗಿ ನಮ್ಮ ದೇಶದಿಂದ ದುಡಿಯೋಕೆ ಹೋದ ಬಡವರು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈ ಸೇರಿತು. ಮರುವರ್ಷ ಜುಲೈನಲ್ಲಿ ನೇತಾಜಿ ಬಂದು ಹೆಂಗಸರ ರೆಜಿಮೆಂಟ್ ಬೇಕು ಅಂದಾಗ ಲಕ್ಷ್ಮಿಯವರಿಗೆ 28 ವರ್ಷ. ಹೂಂ ಅಂದರು, ಕ್ಲಿನಿಕ್ ಮುಚ್ಚಿದರು. ಆಮೇಲೆ ಮಲಯಾ (ಇಂದಿನ ಮಲೇಷ್ಯಾ) ಸುತ್ತಿ ಹೆಂಗಸರನ್ನು ಸೇರಿಸಿದರು.

ಯಾರು ಆ ಹೆಂಗಸರು? ಜಾಸ್ತಿ ಜನ ರಬ್ಬರ್ ತೋಟದ ತಮಿಳು ಕೂಲಿಗಳು. ಬೆಳಕು ಹರಿಯೋಕೆ ಮುಂಚೆ ಎದ್ದು, ಮರದ ತೊಗಟೆಯನ್ನು ಓರೆಯಾಗಿ ಸೀಳಿ, ತೊಟ್ಟಿಕ್ಕುವ ಹಾಲಿಗೆ ಬಟ್ಟಲು ಕಟ್ಟಿ ದುಡಿದವರು. ಎಷ್ಟೋ ಜನ ಭಾರತವನ್ನು ಕಣ್ಣಲ್ಲಿ ಕಂಡೇ ಇರಲಿಲ್ಲ. ಅವರ ಅಪ್ಪ ಅಮ್ಮಂದಿರು ಹೊಟ್ಟೆಪಾಡಿಗೆ ಕಡಲು ದಾಟಿದವರು. ನಮ್ಮ ಕಲಬುರಗಿ, ಯಾದಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅಫಜಲಪುರದಿಂದ, ಶಹಾಪುರದಿಂದ, ತಾಂಡಾಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರನ್ನು ನಾವು ದಿನಾ ನೋಡ್ತೀವಿ.

ಅಕ್ಕನ ಹೆರಿಗೆ ಹೊತ್ತಲ್ಲಿ ಆಸ್ಪತ್ರೆಯಲ್ಲಿ ಪಕ್ಕದ ಮಂಚಕ್ಕೆ ಅಂಥ ಒಬ್ಬಳು ಬಂದಿದ್ದಳು. ಪುಣೆಯಲ್ಲಿ ಕಟ್ಟಡದ ಕೆಲಸ, ತುಂಬು ಬಸುರಿ. ತಾಯಿ ಕಾರ್ಡನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗೆ ಒತ್ತಿಕೊಂಡಿದ್ದಳು. ಗಂಡ ಕೇಳಿದರೆ ಮಾತಿಲ್ಲ, ಅತ್ತೆ ಕೇಳಿದರೆ ಮಾತಿಲ್ಲ. ಡಾಕ್ಟರ್ ಬಾಯಾರು ಬಂದು ಹೊಟ್ಟೆ ಮೇಲೆ ಕೈಯಿಟ್ಟು "ಏನಾಗ್ತದವಾ, ಹೇಳು" ಅಂದರು ನೋಡಿ, ಎಲ್ಲಾ ಹೇಳಿಕೊಂಡಳು. ನೋವು, ಸಾಲ, ಮುಕಾದಮನ (ಕೂಲಿ ಮೇಸ್ತ್ರಿಯ) ಬೈಗುಳ ಎಲ್ಲಾ. ಹೆಂಗಸರು ನಂಬಿ ಬೆನ್ನಿಗೆ ಬರೋದು ಇಂಥವರ ಜೊತೆ, ಅಲ್ವಾ? ಬರೀ ಯೂನಿಫಾರ್ಮ್ ನೋಡಿ ಯಾವ ತಾಯಿ ಮಗಳನ್ನು ಯುದ್ಧಕ್ಕೆ ಕಳಿಸ್ತಾಳೆ?

1943ರ ಜುಲೈ 12ರಂದು ಆ ಹೆಂಗಸರ ಒಂದು ಸಣ್ಣ ತಂಡ ಸೀರೆಯಲ್ಲೇ ನಿಂತು, ತ್ರೀ-ನಾಟ್-ತ್ರೀ ರೈಫಲ್ ಹಿಡಿದು ನೇತಾಜಿಗೆ ಗೌರವ ವಂದನೆ ಕೊಟ್ಟಿತು. ಆ ರೈಫಲ್ ಸುಮಾರು 4 ಕಿಲೋ ತೂಗ್ತದೆ. ಅಕ್ಟೋಬರ್ 22ಕ್ಕೆ ಝಾನ್ಸಿ ರಾಣಿ ರೆಜಿಮೆಂಟಿನ ಶಿಬಿರ ಶುರುವಾಯಿತು. ಕವಾಯತು, ಗುರಿ ಹೊಡೆಯೋದು, ಹೊರೆ ಹೊತ್ತು ಮೈಲಿಗಟ್ಟಲೆ ನಡೆಯೋದು, ಕಾಲಾಳು ಸೈನ್ಯದ ತರಬೇತಿಯೇ. (ಆಜಾದ್ ಹಿಂದ್ ಸೇನೆಯ ಬಾಯಲ್ಲಿದ್ದ 'ಜೈ ಹಿಂದ್' ಕೊಟ್ಟವರು ಹೈದರಾಬಾದಿನ ಆಬಿದ್ ಹಸನ್ ಅಂತಾರೆ. ಆಗ ನಾವೂ ಅದೇ ಸಂಸ್ಥಾನದವರು. ಅವರ ಬಗ್ಗೆ ಇನ್ನೊಂದು ದಿನ ಬರೀತೀನಿ.)

"ಅವರು ಯುದ್ಧ ಎಲ್ಲಿ ಮಾಡಿದರು?" ಅಂತ ಕೇಳುವವರಿದ್ದಾರೆ. ನನಗೆ ಸಿಟ್ಟು ಬರೋದೇ ಇಲ್ಲಿ. ನಿಜ, ಬ್ರಿಟಿಷರ ವಿರುದ್ಧ ಹೋರಾಟ ನಡೆದ ಮಣಿಪುರದ ಇಂಫಾಲದ ಮುಂಚೂಣಿಗೆ ಈ ಪಡೆಯನ್ನು ಇಳಿಸಲಿಲ್ಲ. ಆದರೆ 1944ರಲ್ಲಿ ಅಲ್ಲಿಂದ ಸೋತು, ಮಲೇರಿಯಾ, ರಕ್ತಭೇದಿ ಹತ್ತಿ, ಎಲುಬಿನ ಹಂದರವಾಗಿ ಬಂದ ಸೈನಿಕರನ್ನು ಬರ್ಮಾದ ಮೇಮ್ಯೋ ಆಸ್ಪತ್ರೆಯಲ್ಲಿ ನೋಡಿಕೊಂಡವರಲ್ಲಿ ಈ ರೆಜಿಮೆಂಟಿನ ಹುಡುಗಿಯರೂ ಇದ್ದರು. ಆಕಾಶದಿಂದ ಬಾಂಬು ಬೀಳ್ತಿದ್ದ ಕಾಲ ಅದು. ಅದು ಯುದ್ಧ ಅಲ್ಲದೆ ಇನ್ನೇನು? ಲಕ್ಷ್ಮಿಯವರು 1945ರಲ್ಲಿ ಬರ್ಮಾದಲ್ಲೇ ಬ್ರಿಟಿಷರಿಗೆ ಸೆರೆಸಿಕ್ಕರು. ಭಾರತಕ್ಕೆ ಬಂದದ್ದು 1946ರ ಮಾರ್ಚಿನಲ್ಲಿ.

ಮುಂದೆ ನೆಲೆಸಿದ್ದು ಕಾನ್ಪುರದಲ್ಲಿ. ದೇಶ ಒಡೆದಾಗ ಬಂದ ನಿರಾಶ್ರಿತರಿಗೆ ಔಷಧ, 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರ, 1984ರಲ್ಲಿ ಭೋಪಾಲದ ಅನಿಲ ದುರಂತ, ಎಲ್ಲ ಕಡೆ ಡಾಕ್ಟರಿಕೆಯೇ. 90 ದಾಟಿದ ಮೇಲೂ ರೋಗಿಗಳನ್ನು ನೋಡ್ತಿದ್ದರು. 2012ರ ಜುಲೈ 23ರಂದು ತೀರಿಕೊಂಡ ಮೇಲೆ ದೇಹ ಹೋದದ್ದೂ ಮೆಡಿಕಲ್ ಕಾಲೇಜಿಗೇ. ಈಗ ಹೇಳಿ, ಸ್ಟೆತಸ್ಕೋಪ್ ಬಿಟ್ಟದ್ದು ಯಾವತ್ತು?

ಕಲಬುರಗಿಯಲ್ಲಿ ಇವತ್ತು ಡಾಕ್ಟರಿಕೆ ಓದೋ ಹುಡುಗಿಯರು ಎಷ್ಟೊಂದು ಜನ ಇದ್ದಾರೆ. ಅಕ್ಟೋಬರ್ 24 ಲಕ್ಷ್ಮಿಯವರು ಹುಟ್ಟಿದ ದಿನ. ಯಾವುದಾದರೂ ಹಾಸ್ಟೆಲ್‌ನಲ್ಲಿ ಅವತ್ತು ಸಂಜೆ ಒಂದು ಗಂಟೆ ಅವರ ಬಗ್ಗೆ ಮಾತಾಡೋಣ. ಹಳ್ಳಿ ಕಡೆ ಸೇವೆ ಮಾಡಿದ ಹಿರಿಯ ಬಾಯಾರು ಯಾರಾದರೂ ಮಾತಾಡೋಕೆ ಒಪ್ಪಿದರೆ ತಿಳಿಸಿ. ಉಳಿದ ಏರ್ಪಾಡು ನಾನು ನೋಡ್ಕೋತೀನಿ.