ಹಿರಿಯೂರಿನ ನಾವಿಕ

ಒಂದೆರಡು ಚಳಿಗಾಲ ನಮ್ಮ ಕಾರು ಹಿಮದಲ್ಲಿ ನಿಂತಿತ್ತು. ಗ್ಯಾರೇಜಿನಲ್ಲಿ ದೋಣಿ ಮಲಗಿತ್ತು. ದೋಣಿಗೆ ಹೀಟರ್ ಬೇರೆ. ನಾವಿರುವುದು ಕೆನಡಾದ ಓಶಾವಾದಲ್ಲಿ. ಊರು ಹೆಸರು ಮಾಡಿದ್ದೇ ಕಾರು ತಯಾರಿಸಿ. ಅಂಥ ಊರಿನಲ್ಲಿ ಕಾರಿಗೆ ಸೂರಿಲ್ಲ! ನನಗೆ ರಿಟೈರ್ ಆಗಲು ಇನ್ನೂ ಟೈಮಿದೆ. ಹಾಗಾಗಿ ಮೈನಸ್ ಹದಿನೈದು ಡಿಗ್ರಿಯಲ್ಲಿ ಗಾಜಿಗಂಟಿದ ಐಸು ಕೆರೆದು ಕೆಲಸಕ್ಕೆ ಓಡುವ ಪಾಳಿ ನನ್ನದು. ಕೆರೆಯುತ್ತಾ ನಿಂತಾಗ ಗ್ಯಾರೇಜಿನ ಬಾಗಿಲ ಸಂದಿಯಿಂದ ಬೆಚ್ಚನೆ ಗಾಳಿ ಬಂದು ಕಾಲಿಗೆ ತಾಗುತ್ತಿತ್ತು. ಆಗ ನನ್ನ ಬಾಯಿಂದ ಹೊರಡುತ್ತಿದ್ದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನಮ್ಮನೆಯವರು ಹಿರಿಯೂರಿನವರು. ಬಯಲುಸೀಮೆ. ಇವರು ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ ಒಂದೇ. ಸರ್ಕಾರಿ ಕಾಗದದಲ್ಲಿ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು. 1933ರಲ್ಲಿ ತುಂಬಿ ಕೋಡಿ ಬಿದ್ದಿದ್ದು ಬಿಟ್ಟರೆ ಆಮೇಲೆ ಬೀಳಲೇ ಇಲ್ಲ. ಇವರ ತಾತ ಆ ಕೋಡಿ ನೋಡಿದ್ದರಂತೆ. ಅಪ್ಪ ತಾತನ ಬಾಯಲ್ಲಿ ಕೇಳಿದ್ದರು. ಇವರು ಅಪ್ಪನ ಬಾಯಲ್ಲಿ ಕೇಳಿದ್ದರು. ಪ್ರತಿ ತಲೆಮಾರಿಗೂ ನೀರು ಒಂದೊಂದು ಅಡಿ ಏರಿತ್ತು, ಕಥೆಯಲ್ಲಿ. ಕೊನೆಗೆ 2022ರಲ್ಲಿ, 89 ವರ್ಷದ ಮೇಲೆ, ನಿಜವಾಗಿಯೂ ಕೋಡಿ ಬಿತ್ತು. ನಮ್ಮವರು ರಿಟೈರ್ ಆಗಿದ್ದೂ ಅದೇ ವರ್ಷ. ವಾಟ್ಸಾಪಿನಲ್ಲಿ ವಿಡಿಯೋ ಬಂತು. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ ಧೋ ಅನ್ನುವ ಸದ್ದು. ಒಂದು ರಾತ್ರಿ ಫೋನು ಪಕ್ಕಕ್ಕಿಟ್ಟು, "ನೋಡೇ, ನಾನೊಂದು ದೋಣಿ ಮಾಡ್ತೀನಿ" ಅಂದರು. ನಿದ್ದೆಗಣ್ಣಲ್ಲಿ ನಾನು "ಹೂಂ" ಅಂದೆ. ಆ "ಹೂಂ" ಇವತ್ತಿಗೂ ನನ್ನ ಲಿಖಿತ ಒಪ್ಪಿಗೆ ಅಂತಲೇ ಚಾಲ್ತಿಯಲ್ಲಿದೆ.

ಅಂದಹಾಗೆ, ಇವರಿಗೆ ಈಜು ಬರಲ್ಲ.

ನನ್ನ ತವರು ಗಂಗೊಳ್ಳಿ. ಐದು ಹೊಳೆ ಸೇರಿ ಕಡಲಿಗಿಳಿಯುವ ಜಾಗ. ಎದುರಿನ ದಡದಲ್ಲೇ ಕುಂದಾಪುರ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ಊರೆಲ್ಲ ಸುತ್ತಬೇಕು, ದೋಣಿಯಲ್ಲಿ ಹೋದರೆ ಒಂದು ಹರಟೆ ಮುಗಿಯುವುದರೊಳಗೆ ಆಚೆ ದಡ. ನಾನು ಕಾಲೇಜಿಗೆ ಹೋಗಿದ್ದು ಹಾಗೆ. ನಮ್ಮ ಕಡೆ ಯಾರೂ "ದೋಣಿ ವಿಹಾರ" ಅಂತ ಮಾಡುವುದಿಲ್ಲ. ಮೀನಿಗೆ ಹೋಗುತ್ತಾರೆ, ಕಾಲೇಜಿಗೆ ಹೋಗುತ್ತಾರೆ, ಮದುವೆಗೆ ಹೋಗುತ್ತಾರೆ. ದೋಣಿಗೆ ಪಾಲಿಶ್ ಹಾಕಿ ಮುಟ್ಟಿ ಮುಟ್ಟಿ ನೋಡುವವರನ್ನು ನಾನು ಕಂಡಿದ್ದು ಮದುವೆಯಾದ ಮೇಲೆಯೇ.

ಇಲ್ಲಿ ಮಾಡುವುದು ಪಟ್ಟಿ ದೋಣಿ. ಸೀಡರ್ ಮರದ ಹಲಗೆಯನ್ನು ಕಾಲಿಂಚು ದಪ್ಪ, ಮುಕ್ಕಾಲಿಂಚು ಅಗಲದ ಉದ್ದುದ್ದ ಪಟ್ಟಿಗಳಾಗಿ ಸೀಳಬೇಕು. ಪ್ರತಿ ಪಟ್ಟಿಯ ಒಂದು ಅಂಚು ಉಬ್ಬು, ಇನ್ನೊಂದು ಅಂಚು ತಗ್ಗು. ಅಡಿಗೊಂದರಂತೆ ಪ್ಲೈವುಡ್ಡಿನ ಅಚ್ಚು ನಿಲ್ಲಿಸಿ, ಅದರ ಮೇಲೆ ಪಟ್ಟಿಗಳನ್ನು ಒಂದಕ್ಕೊಂದು ಕೂರಿಸಿ ಅಂಟಿಸುತ್ತಾ ಹೋಗಬೇಕು. ಪೂರ್ತಿ ದೋಣಿ ಕಟ್ಟುವುದು ಕವುಚಿ ಹಾಕಿಯೇ. ಇವರು ಆರಿಸಿಕೊಂಡ ನಕ್ಷೆ ಹದಿನೆಂಟು ಅಡಿಯದು. "ಇಬ್ಬರಿಗೆ ಹದಿನಾರು ಅಡಿ ಸಾಕಲ್ವಾ?" ಅಂದೆ. "ಮಗಳು ಅಳಿಯ ಬಂದರೆ?" ಅಂದರು. ಮಗಳು ಟೊರಾಂಟೊದಿಂದ ಬರುವುದು ಹಬ್ಬಕ್ಕೆ, ಹೋಳಿಗೆ ಆದ ಮೇಲೆ. ಅಳಿಯನಿಗೆ ಬಸ್ಸು ಹತ್ತಿದರೇ ವಾಂತಿ.

ಮರ ಸೀಳಲು ಶುರುವಾದ ದಿನ ಲೆಕ್ಕದಲ್ಲಿ ಒಂದು ವಿಷಯ ಹೊರಬಿತ್ತು. ಪಟ್ಟಿಯ ದಪ್ಪ ಕಾಲಿಂಚು. ಗರಗಸದ ಬ್ಲೇಡು ತಿನ್ನುವುದು ಅರೆಕಾಲು ಇಂಚು. ಅಂದರೆ ದುಡ್ಡು ಕೊಟ್ಟು ತಂದ ಮರದಲ್ಲಿ ಮೂರನೇ ಒಂದು ಪಾಲು ಪುಡಿ! ಬ್ಯಾಂಕಿನಲ್ಲಿ ಬಡ್ಡಿ ಕಾಲು ಪರ್ಸೆಂಟ್ ಇಳಿದರೆ ನಿದ್ದೆ ಬಿಡುವ ಮನುಷ್ಯ, ಈ ನಷ್ಟಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಬದಲಿಗೆ ಆ ಪುಡಿಯನ್ನೂ ಜೋಪಾನ ಮಾಡಿದರು. ಅಂಟಿಗೆ ಕಲಸಿದರೆ ಸಂದಿ ತುಂಬುವ ಮೇಣವಾಗುತ್ತದಂತೆ. ಜರಡಿ ಹಿಡಿದು (ಜರಡಿ ನನ್ನದು), ನುಣ್ಣಗಿನ ಪುಡಿಯನ್ನು ಖಾಲಿ ಮೊಸರಿನ ಡಬ್ಬದಲ್ಲಿ ತುಂಬಿ ಮುಚ್ಚಳ ಹಾಕಿದರು.

ಆ ಸಮಯಕ್ಕೆ ಹಿರಿಯೂರಿನಿಂದ ಇವರ ಅಕ್ಕ ಬಂದಿದ್ದರು. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಅತ್ತಿಗೆ ಗ್ಯಾರೇಜಿನ ಬಾಗಿಲ ಪಕ್ಕದ ಶೆಲ್ಫಿನಿಂದ ಒಂದು ಡಬ್ಬ ತಂದು ಮುಚ್ಚಳ ತೆಗೆದರು. ಕೆಂಚು ಬಣ್ಣ, ನುಣ್ಣಗಿನ ಪುಡಿ. ಮೂಗಿನ ಹತ್ತಿರ ಹಿಡಿದು, "ಘಮ ಬೇರೇನೇ ಇದೆ ಕಣಮ್ಮ. ಇದು ನಿಮ್ಮ ಕಡೆಯ ಚಟ್ನಿಪುಡಿನಾ?" ಅಂದರು. ಚಮಚ ಇಳಿದಾಗಿತ್ತು. ದೋಸೆಯ ಪಕ್ಕ ಗುಡ್ಡೆ ಬಿದ್ದಾಗಿತ್ತು. ಮಧ್ಯದಲ್ಲಿ ಗುಳಿ ಮಾಡಿ ತುಪ್ಪವನ್ನೂ ಹಾಕಿಕೊಂಡಿದ್ದರು. ಅಷ್ಟರಲ್ಲಿ ನಮ್ಮವರು ಓಡಿ ಬಂದು ತಟ್ಟೆ ಕಿತ್ತುಕೊಂಡರು. "ಅಕ್ಕಾ, ಅದು ಮೂಗಿಗೆ ಹೋದರೂ ಕೆಟ್ಟದ್ದು!" ನಿಜವೇ. ಸೀಡರ್ ಪುಡಿಯಿಂದ ಕೆಲವರಿಗೆ ಉಬ್ಬಸ ಬರುತ್ತದೆ. ಇವರೇ ಮಾಸ್ಕ್ ಹಾಕಿಕೊಳ್ಳದೆ ಗರಗಸದ ಹತ್ತಿರ ಹೋಗುವುದಿಲ್ಲ. ಅತ್ತಿಗೆಗೆ ಮಾತ್ರ ಬೇರೆಯೇ ಬೇಜಾರು. "ತಿನ್ನೋ ಡಬ್ಬದಲ್ಲಿ ಮರದ ಹೊಟ್ಟು ಇಡ್ತೀಯೇನೋ? ಅಮ್ಮ ಇದ್ದಿದ್ದರೆ ಕೆನ್ನೆಗೆ ಬಿಡ್ತಿದ್ದಳು." ಅಮ್ಮನ ಪರವಾಗಿ ಬಾಯಲ್ಲೇ ನಾಲ್ಕು ಬಿಟ್ಟರು.

ಅಡುಗೆಮನೆಯಿಂದ ಗ್ಯಾರೇಜಿಗೆ ಸಾಮಾನು ಹೋಗುವ ದಾರಿ ಒಂದೇ ಕಡೆಗೆ. ಜರಡಿ ಹೋಯಿತು. ಗ್ರಾಂ ತೂಗುವ ತಕ್ಕಡಿ ಹೋಯಿತು. ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಒಂದೂ ಉಳಿಯಲಿಲ್ಲ, ಏಕೆಂದರೆ ಅಂಟು ಒಣಗುವ ತನಕ ಪಟ್ಟಿಗಳನ್ನು ಹಿಡಿದಿಡಲು ಎಷ್ಟು ಕ್ಲಿಪ್ಪಿದ್ದರೂ ಸಾಲದು. ಆಮೇಲೆ ಪಿವಿಸಿ ಪೈಪನ್ನು ಬಳೆಬಳೆಯಾಗಿ ಕತ್ತರಿಸಿ, ಒಂದು ಕಡೆ ಸೀಳಿ ಅದನ್ನೇ ಕ್ಲಿಪ್ಪು ಮಾಡಿಕೊಂಡರು. ಇದನ್ನು ಮಾತ್ರ ಮೆಚ್ಚಬೇಕು. ಕಾಸಿಲ್ಲದ ಉಪಾಯ, ಕೆಲಸ ಗಟ್ಟಿ.

ನನ್ನ ಪ್ಲಾಸ್ಟಿಕ್ ದೋಸೆ ಸಟ್ಟುಗ ಹೋಗಿದ್ದು ಎಪಾಕ್ಸಿ ಕಾಲದಲ್ಲಿ. ಮರದ ಕೆಲಸ ಮುಗಿದ ಮೇಲೆ ಹೊರಗೂ ಒಳಗೂ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ ಎಪಾಕ್ಸಿ ಸುರಿದು ಸವರಬೇಕು. ಎಪಾಕ್ಸಿ ಅಂದರೆ ಎರಡು ದ್ರವ. ಬೇರೆಬೇರೆ ಇದ್ದಾಗ ಸಾಧು. ಬೆರೆಸಿದರೆ ತಾನೇ ಬಿಸಿಯಾಗಿ ಕಲ್ಲಾಗುತ್ತದೆ. ತೆಳ್ಳಗೆ ಹರಡಿದರೆ ಬಿಸಿ ಆರಿಹೋಗುತ್ತದೆ. ಡಬ್ಬದಲ್ಲಿ ಒಟ್ಟಿಗೆ ಇಟ್ಟರೆ ಬಿಸಿಗೆ ಬಿಸಿ ಸೇರಿ ಕೆರಳುತ್ತದೆ. ಇವರು ಒಂದೇ ಸಲ ಒಂದು ಡಬ್ಬ ತುಂಬ ಬೆರೆಸಿದರು. ಅಷ್ಟರಲ್ಲಿ ಗಂಗೊಳ್ಳಿಯಿಂದ ನನ್ನ ತಮ್ಮನ ವಿಡಿಯೋ ಕಾಲ್. ಭಾವನಿಗೆ ದೋಣಿ ತೋರಿಸುವ ಸಂಭ್ರಮ. "ಇದೆಂತ ಭಾವ, ದೋಣಿಯಾ ಶೋಕೇಸಾ?" ಅಂತ ಅವನು ಕೇಳಿ, ಇವರು ಅದಕ್ಕೆ ಉತ್ತರ ಕೊಡುತ್ತಿರುವಾಗ ಹಿಂದಿನಿಂದ ಹೊಗೆ. ಹೊಗೆಯ ಅಲಾರಾಂ ಮನೆ ಹಾರಿಹೋಗುವಂತೆ ಬಡಿದುಕೊಂಡಿತು. ಇವರು ಡಬ್ಬ ಎತ್ತಿಕೊಂಡು ಹೊರಗೋಡಿ ಹಿಮಕ್ಕೆ ಎಸೆದರು. ಅದು ಚುಂಯ್ ಅಂತ ಹಿಮದೊಳಗೆ ಇಳಿದು ಮಾಯವಾಯಿತು. ಏಪ್ರಿಲಿನಲ್ಲಿ ಹಿಮ ಕರಗಿದಾಗ ಹುಲ್ಲಿನ ಮೇಲೆ ಹಳದಿ ಗಾಜಿನ ಉಂಡೆ ಸಿಕ್ಕಿತು. ಡಬ್ಬದ ತಳದ ಅಕ್ಷರಗಳು ಅಚ್ಚುಕಟ್ಟಾಗಿ ಮೂಡಿದ್ದವು. ಈಗ ಅದು ಬಾಗಿಲಿಗೆ ಅಡ್ಡ ಇಡಲು ಬಹಳ ಅನುಕೂಲ.

ಎರಡನೇ ಸಲ ಸ್ವಲ್ಪಸ್ವಲ್ಪವೇ ಬೆರೆಸಿದರು. ಬಿಳಿ ಬಟ್ಟೆಯ ಮೇಲೆ ಎಪಾಕ್ಸಿ ಹರಿದ ಹಾಗೆ ಬಟ್ಟೆ ಕಾಣದಾಯಿತು. ಮರದ ಕೆಂಪು, ಕಂದು, ಜೇನು ಬಣ್ಣಗಳು ಒಂದೊಂದು ಪಟ್ಟಿಯಲ್ಲೂ ಎದ್ದು ಬಂದವು. ಸುಳ್ಳು ಯಾಕೆ, ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಇವರಿಗೆ ಖುಷಿ ತಡೆಯಲಾಗದೆ ದೋಣಿಗೆ ಚಳಿಯಾಗದಿರಲಿ ಅಂತ ಹೀಟರ್ ಏರಿಸಿದರು. ಬಿಸಿಗೆ ಮರದೊಳಗಿನ ಗಾಳಿ ಹಿಗ್ಗಿ ಹೊರಬರತೊಡಗಿತು. ದೋಣಿಯ ಮೈತುಂಬ ಗುಳ್ಳೆ. "ಸಿಡುಬು!" ಅಂದರು ಅತ್ತಿಗೆ. ಮರವನ್ನು ಮೊದಲೇ ಬಿಸಿ ಮಾಡಿ, ಸವರುವಾಗ ಹೀಟರ್ ಆರಿಸಬೇಕು. ತಣಿಯುವ ಮರ ಅಂಟನ್ನು ಒಳಗೆಳೆದುಕೊಳ್ಳುತ್ತದೆ. ಇದು ಇವರು ಓದಿದ ಪುಸ್ತಕದಲ್ಲೇ ಇತ್ತು, ಮುಂದಿನ ಪುಟದಲ್ಲಿ. ಆಮೇಲೆ ಉಜ್ಜಾಟ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಉಜ್ಜಿ ಇವರ ಬೆರಳಚ್ಚೇ ಸವೆದುಹೋಯಿತು. ಫೋನು ಬೆರಳಿಟ್ಟರೆ ತೆರೆಯುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ನನ್ನನ್ನು ಕರೆದು ಪಾಸ್‌ವರ್ಡ್ ಕೇಳುವುದು.

ನಡುವೆ ಒಂದು ಭಾನುವಾರ ಪೀಟರ್‌ಬರೋಗೆ ಹೋಗಿ ಕೆನಡಿಯನ್ ಕನೂ ಮ್ಯೂಸಿಯಂ ನೋಡಿಬಂದೆವು. 2024ರಲ್ಲಿ ಕೆರೆಯ ದಡದ ಹೊಸ ಕಟ್ಟಡಕ್ಕೆ ಬಂದಿದೆ. ಆರುನೂರಕ್ಕೂ ಜಾಸ್ತಿ ದೋಣಿಗಳ ಸಂಗ್ರಹ. ಇಲ್ಲಿಯ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಲ್ಲಿ ಮಾಡಿದ ದೋಣಿಗಳ ಮುಂದೆ ನಾನು ನಿಂತೇಬಿಟ್ಟೆ. ಮೊಳೆಯಿಲ್ಲ. ಸ್ಪ್ರೂಸ್ ಮರದ ಬೇರಿನಿಂದ ಹೊಲಿಗೆ, ಅದರ ಅಂಟಿನಿಂದ ಸಂದಿಗೆ ಲೇಪ. ನಮ್ಮ ಕರಾವಳಿಯಲ್ಲೂ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ದೋಣಿ ಕಟ್ಟುತ್ತಿದ್ದರು. ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ, ಹೊಲಿಗೆ ಹಿಡಿಯುವುದಿಲ್ಲ. ಅಲೆ ಬಡಿದರೆ ಬಾಗುತ್ತದೆ, ಬಿರಿಯುವುದಿಲ್ಲ. ಇದನ್ನು ಹೇಳಿದೆ. ಹಿರಿಯೂರಿನ ನಾವಿಕರು ಮೊದಲ ಸಲ ದೋಣಿಯ ವಿಷಯದಲ್ಲಿ ನನ್ನ ಮಾತಿಗೆ ಕಿವಿಗೊಟ್ಟರು. ಕಾರು ಹತ್ತಿದ ಮೇಲೆ, "ಆದರೂ ಫಿನಿಶಿಂಗ್ ಅಂತ ನೋಡಿದ್ರೆ..." ಅಂತ ಶುರು ಮಾಡಿದರು. ನಾನು ರೇಡಿಯೋ ಹಾಕಿದೆ.

ದೋಣಿ ಮುಗಿಯಿತು. ತೂಕ ನೋಡಬೇಕಿತ್ತು. ಅರವತ್ತು ಪೌಂಡು ಮೀರಬಾರದು ಅಂತ ಇವರ ಹಟ. ಬಾತ್‌ರೂಮಿನ ತಕ್ಕಡಿ ಗ್ಯಾರೇಜಿಗೆ ಬಂತು. ಇವರು ದೋಣಿ ಹೊತ್ತು ತಕ್ಕಡಿಯ ಮೇಲೆ ನಿಂತರು. ಸೊಂಟದಿಂದ ಮೇಲೆ ಮನುಷ್ಯನೇ ಇಲ್ಲ, ದೋಣಿಗೆ ಎರಡು ಕಾಲು ಬಂದಿತ್ತು. ನಾನು ನೆಲಕ್ಕೆ ಕೂತು ಬಗ್ಗಿ ನಂಬರ್ ಓದಿದೆ. 262. "ಅದರಲ್ಲಿ ನನ್ನ ತೂಕ ಕಳೆ. ನೂರಾ ಅರವತ್ತೈದು" ಅಂತ ದೋಣಿಯೊಳಗಿನಿಂದ ದನಿ ಬಂತು. ಕಳೆದರೆ ದೋಣಿ 97 ಪೌಂಡು! ದೋಣಿ ಇಳಿಸಿ ಗಾಬರಿಯಿಂದ ನಕ್ಷೆ ಬಿಡಿಸಿ ಕೂತರು. ಎಪಾಕ್ಸಿ ಜಾಸ್ತಿ ಆಯಿತೋ, ಅಂಚುಪಟ್ಟಿಗೆ ಹಾಕಿದ ಆ್ಯಶ್ ಮರ ಭಾರವೋ ಅಂತ ಲೆಕ್ಕ. "ಲೋ, ನೀನೊಬ್ಬನೇ ಒಂದ್ಸಲ ನಿಂತು ನೋಡೋ" ಅಂದರು ಅತ್ತಿಗೆ. ಇವರು ನಿಲ್ಲಲೇ ಇಲ್ಲ. ನೂರಾ ಅರವತ್ತೈದು ಮದುವೆಯ ಕಾಲದ ತೂಕ. ನಡುವಿನ ಮೂವತ್ತು ಚಿಲ್ಲರೆ ಪೌಂಡು ಯಾರ ಲೆಕ್ಕಕ್ಕೆ ಅನ್ನುವ ವಿಷಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಮುಗಿದ ದೋಣಿಯನ್ನು ನೀರಿಗೆ ಇಳಿಸಬೇಕಲ್ಲ? ಅದಕ್ಕೆ ಇವರು ಸುತರಾಂ ತಯಾರಿಲ್ಲ. ವಾರ್ನಿಷ್ ಇನ್ನೂ ಗಟ್ಟಿಯಾಗಲಿ ಅಂದರು. ಗಾಳಿ ಜಾಸ್ತಿ ಅಂದರು. ಕೆರೆಯ ತಳದಲ್ಲಿ ಕಲ್ಲಿರುತ್ತೆ, ಗೀರು ಬೀಳುತ್ತೆ ಅಂದರು. ಒಂಟೇರಿಯೊ ಪ್ರಾಂತ್ಯವೊಂದರಲ್ಲೇ ಎರಡೂವರೆ ಲಕ್ಷ ಕೆರೆಗಳಿವೆ ಅನ್ನುತ್ತಾರೆ. ಅದರಲ್ಲಿ ಒಂದೂ ಇವರ ದೋಣಿಗೆ ಯೋಗ್ಯವಲ್ಲ! ಕೊನೆಗೆ ಅತ್ತಿಗೆಯ ವೀಸಾ ಮುಗಿಯುತ್ತಾ ಬಂದಿದ್ದು ನನ್ನ ಸಹಾಯಕ್ಕೆ ಬಂತು. "ನಾನು ಊರಿಗೆ ಹೋಗೋದರೊಳಗೆ ತೇಲಿಸಿದ್ರೆ ಸರಿ. ಇಲ್ಲಾಂದ್ರೆ ಮುಳುಗಿತು ಅಂತಲೇ ಊರಲ್ಲಿ ಹೇಳ್ತೀನಿ" ಅಂದರು.

ಸ್ಕೂಗಾಗ್ ಕೆರೆ ಆರಿಸಿದೆವು. ಮನೆಗೆ ಹತ್ತಿರ, ಆಳ ಕಡಿಮೆ. ಕಾರಿನ ನೆತ್ತಿಗೆ ದೋಣಿ ಬಿಗಿದಾಯಿತು. ಅತ್ತಿಗೆಗೆ ಪೂಜೆ ಆಗಲೇಬೇಕು. ನಿಂಬೆಹಣ್ಣು ಎಲ್ಲಿಡುವುದು? ದೋಣಿಗೆ ಚಕ್ರವಿಲ್ಲ. ಕಾರಿನ ಚಕ್ರದಡಿ ಇಟ್ಟು, ಪುಣ್ಯ ಮೇಲಿನದಕ್ಕೂ ಹೋಗುತ್ತೆ ಅಂತ ಸಮಾಧಾನ ಮಾಡಿಕೊಂಡರು. ಕುಂಕುಮವನ್ನು ದೋಣಿಗೆ ಹಚ್ಚಲು ಇವರು ಬಿಡಲಿಲ್ಲ, ವಾರ್ನಿಷ್ ಕಲೆಯಾಗುತ್ತಂತೆ. ಇವರ ಹಣೆಗೇ ಬಿತ್ತು. ಇಲ್ಲಿನ ಕಾನೂನಿನಂತೆ ಲೈಫ್ ಜಾಕೆಟ್, ಸೀಟಿ, ತೇಲುವ ಹದಿನೈದು ಮೀಟರ್ ಹಗ್ಗ, ನೀರು ಎತ್ತಿ ಚೆಲ್ಲಲು ಒಂದು ಪಾತ್ರೆ ಇರಬೇಕು. ಪಾತ್ರೆ ಅಂತ ಮನೆಯ ಸ್ಟೀಲ್ ಚೊಂಬು ಹೊರಟಿತು.

ದಡದಲ್ಲಿ ಕೌದಿ ಹಾಸಿ ಅದರ ಮೇಲೆ ದೋಣಿ ಇಳಿಸಿದೆವು. ಕೌದಿ ಇವರಜ್ಜಿ ಹೊಲಿದದ್ದು, ಅತ್ತಿಗೆ ನಮಗೆ ಹೊದೆಯಲು ಅಂತ ತಂದದ್ದು. ಅಲ್ಲಿಂದ ನೀರಿಗೆ ಸರಿಸಿದೆವು. ತೇಲಿತು. ಸೋರಲಿಲ್ಲ. ಅತ್ತಿಗೆ ಮೂರು ಸಲ ನೆಟಿಗೆ ಮುರಿದರು. ಇವರು ಮೂರು ಪಟ್ಟಿಯ ಲೈಫ್ ಜಾಕೆಟ್ ಬಿಗಿದುಕೊಂಡು, ಇನ್ನೊಂದು ಸಲ ಬಿಗಿದುಕೊಂಡು, ಒಂದು ಕಾಲು ಒಳಗಿಡಬೇಕು ಅನ್ನುವಷ್ಟರಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಅಜ್ಜನೊಬ್ಬ ನಿಂತು ಕೇಳಿದ: "ಎಷ್ಟು ಚಂದ ಇದೆ, ನೀವೇ ಮಾಡಿದ್ದಾ?"

ಎತ್ತಿದ್ದ ಕಾಲು ವಾಪಸ್ ದಡಕ್ಕೆ ಹೋಯಿತು. "ಮೊದಲು ಏನ್ಮಾಡಿದೆ ಅಂದ್ರೆ..." ಅಂತ ಶುರುವಾಯಿತು. ಆ ಅಜ್ಜನಿಗೆ ಮುಂದೇನು ಕಾದಿದೆ ಅಂತ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ನಾಯಿ ಕೂತುಕೊಂಡಿತು. ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತರೆ ಇಂಥ ದೋಣಿಯನ್ನು ಒಬ್ಬರೇ ನಡೆಸಬಹುದು ಅಂತ ಇವರೇ ಎಷ್ಟೋ ಸಲ ಪಾಠ ಮಾಡಿದ್ದರು. ನಾನು ಹತ್ತಿ ಕೂತೆ. ಹುಟ್ಟಿನ ತುದಿಯಿಂದ ದಡ ತಳ್ಳಿದೆ. ಕೈ ಮರೆತಿರಲಿಲ್ಲ.

ಕೆರೆಯಲ್ಲಿ ದೊಡ್ಡದೊಂದು ಸುತ್ತು ಹಾಕಿ, ಪಾಚಿಗೆ ಸಿಕ್ಕಿಕೊಂಡು, ಬಿಡಿಸಿಕೊಂಡು ವಾಪಸ್ ಬಂದಾಗ ಅತ್ತಿಗೆ ಚೊಂಬಿನಲ್ಲಿ ಥರ್ಮಾಸಿನ ಕಾಫಿ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ನಾಯಿ ನಿದ್ದೆ ಹೋಗಿತ್ತು. ಇವರಿನ್ನೂ ಪಟ್ಟಿ ಸೀಳುತ್ತಿದ್ದರು, ಎಪಾಕ್ಸಿಗೆ ಬಂದಿರಲಿಲ್ಲ.