ಫುಲ್ ಟ್ಯಾಂಕ್ ತೋರಿಸುತ್ತಾ ನಡುರಸ್ತೆಯಲ್ಲಿ ನಿಂತ ಕಾರು

ಪೆಟ್ರೋಲ್ ಮೀಟರಿನ ಮುಳ್ಳು 'ಎಫ್' ದಾಟಿ ನಿಂತಿತ್ತು. ಕಾರೂ ನಿಂತಿತ್ತು. ವುಡ್‌ವರ್ಡ್ ಅವೆನ್ಯೂ, ಮಧ್ಯಾಹ್ನ ಮೂರು ಗಂಟೆ, ಹಿಂದೆ ಕಾರುಗಳ ಸಾಲು. ನಾನು ಬಾನೆಟ್ ಎತ್ತಿ ಏನೋ ಗೊತ್ತಿರುವವನ ಹಾಗೆ ಎಂಜಿನ್ ಕಡೆ ನೋಡುತ್ತಿದ್ದೆ. ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲ್ ಇಲ್ಲ ಅಂತ ಹೊಳೆಯಲು ಅರ್ಧ ಗಂಟೆ ಹಿಡಿಯಿತು.

ಈ ಹುಚ್ಚು ಹತ್ತಿದ್ದು ಇದೇ ರಸ್ತೆಯಲ್ಲಿ. ಅಮೆರಿಕದ ಮಿಷಿಗನ್‌ನಲ್ಲಿ ಇರುವವರಿಗೆ ಗೊತ್ತು, ಪ್ರತಿ ಆಗಸ್ಟ್‌ನಲ್ಲಿ ಇಲ್ಲಿ ಹಳೇ ಕಾರುಗಳ ಜಾತ್ರೆ. ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತಾರೆ, 1995ರಿಂದ ನಡೆಯುತ್ತಿದೆ. ನಮ್ಮ ಕಡೆ ತೇರು ನೋಡಲು ಕೂರುವ ಹಾಗೆ ಜನ ಕುರ್ಚಿ ತಂದು ರಸ್ತೆ ಬದಿಯಲ್ಲಿ ಕೂರುತ್ತಾರೆ. ನಾನೂ ಕೆಲವು ವರ್ಷ ಕುರ್ಚಿಯಲ್ಲೇ ಕೂತಿದ್ದೆ. ಸುಮ್ನೆ ಇರಲಾರದೆ ಕಳೆದ ವರ್ಷ 1972ರ ಶೆವರ್ಲೆ ಶೆವೆಲ್ ಒಂದನ್ನು ಮನೆಗೆ ತಂದೆ.

ಕಾರು 72ರದ್ದು, ಎಂಜಿನ್ ಮಾತ್ರ ಅಲ್ಲ. ಹಳೇ ಎಂಜಿನ್ ಕಿತ್ತು ಸಿಲ್ವರಾಡೋ ಪಿಕಪ್ ಟ್ರಕ್ಕಿನ 5.3 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದ್ದಾರೆ. ಇಲ್ಲಿ ಇದು ಮಾಮೂಲಿ. 1999ರಿಂದ ಆ ಎಂಜಿನ್ ಲೆಕ್ಕವಿಲ್ಲದಷ್ಟು ಟ್ರಕ್ಕುಗಳಲ್ಲಿ ಬಂದಿದೆ, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ, ಗಟ್ಟಿಮುಟ್ಟು ಬೇರೆ. ಜಾಹೀರಾತಿನಲ್ಲಿ ಎಂಜಿನ್ನಿನ ಬಗ್ಗೆ ಹತ್ತು ಸಾಲು ಹೊಗಳಿಕೆ ಇತ್ತು. ಕೊನೆಗೆ ಒಂದೇ ಸಾಲು: 'ಸಣ್ಣಪುಟ್ಟ ವೈರಿಂಗ್ ಕೆಲಸ ಬಾಕಿ, ಮೀಟರುಗಳು ಸರಿಯಾಗಿ ತೋರಿಸುವುದಿಲ್ಲ.'

ಹೆಣ್ಣು ಕೇಳಲು ಬಂದವರು 'ಹುಡುಗ ಅಪರೂಪಕ್ಕೆ ಸ್ವಲ್ಪ ತಗೋತಾನೆ, ಅಷ್ಟೇ' ಅಂದರೆ ಎಷ್ಟು ನಂಬುತ್ತೀರೋ ಈ ಸಾಲನ್ನೂ ಅಷ್ಟೇ ನಂಬಿ. ನಾನು ಪೂರ್ತಿ ನಂಬಿದ್ದೆ.

ಎಂಟು ತಿಂಗಳು ಆ ಕಾರಿನ ಕೆಳಗೆ ಮಲಗಿ ಎದ್ದಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೇರೆ ಎಂಜಿನ್ ಕೂರಿಸಿ ಓಡಿಸಿದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ನಿಜ ಹೇಳುವವರೆಗೆ ಅದು ಅರ್ಧ ಕೆಲಸ. ಅರ್ಧ ಕೆಲಸದ ಕಾರನ್ನು 'ಪೂರ್ತಿ ರೆಡಿ' ಅಂತ ಮಾರುವುದು ಮೋಸ. ಇದಕ್ಕೆ ಬೇಜಾರಾಗುವವರು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಮೂವರಿದ್ದಾರೆ, ಆಗಲಿ.

ಪೆಟ್ರೋಲ್ ಕಥೆ ಮೊದಲು. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದು ಮೇಲೆ ಕೆಳಗೆ ಆದ ಹಾಗೆ ಸೆಂಡರಿನ (ಮೀಟರಿಗೆ ಮಟ್ಟ ತಿಳಿಸುವ ಸಾಧನ) ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತದೆ, ಮೀಟರು ಓದುವುದು ಆ ಓಮನ್ನು. ಈ ಕಾರಿನ ಮೀಟರಿಗೆ 0 ಓಮ್ ಅಂದರೆ ಖಾಲಿ, 90 ಅಂದರೆ ಫುಲ್. ಹೊಸ ಎಂಜಿನ್ನಿಗೆ ಟ್ಯಾಂಕಿನೊಳಗೇ ಪಂಪ್ ಬೇಕು ಅಂತ ಹಿಂದಿನ ಯಜಮಾನರು ಬೇರೆ ಟ್ಯಾಂಕ್ ಹಾಕಿಸಿದ್ದಾರೆ. ಅದರಲ್ಲಿದ್ದದ್ದು ಯಾವ ಕಾರಿಗೂ ಹಾಕಬಹುದು ಅಂತ ಮಾರುವ ಸೆಂಡರ್. ಅದರ ಲೆಕ್ಕ ಪೂರ್ತಿ ಉಲ್ಟಾ: ಖಾಲಿಗೆ 240 ಓಮ್, ಫುಲ್ಲಿಗೆ 33.

ಏನಾಗುತ್ತದೆ ನೋಡಿ. ಟ್ಯಾಂಕ್ ತುಂಬಿಸಿದ ತಕ್ಷಣ ಮುಳ್ಳು ಅರ್ಧಕ್ಕಿಂತ ಕೆಳಗೆ. ಓಡಿಸುತ್ತಾ ಓಡಿಸುತ್ತಾ ಮೇಲೇರುತ್ತದೆ. ಅರ್ಧ ಟ್ಯಾಂಕ್ ಮುಗಿಯುವ ಹೊತ್ತಿಗೆ 'ಎಫ್' ದಾಟಿ ಕೂತುಬಿಡುತ್ತದೆ. ಓಡಿಸಿದಷ್ಟೂ ತುಂಬುವ ಅಕ್ಷಯ ಪಾತ್ರೆ! ಡಿಕ್ಕಿಯಲ್ಲಿ ಹೊಸ ಮೀಟರಿನ ಖಾಲಿ ಡಬ್ಬ ಬಿದ್ದಿತ್ತು. ಅಂದರೆ ಆ ಪುಣ್ಯಾತ್ಮರು ಮೀಟರನ್ನೇ ಬದಲಾಯಿಸಿ ನೋಡಿದ್ದಾರೆ. ಜ್ವರ ಜಾಸ್ತಿ ತೋರಿಸಿತು ಅಂತ ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ಇದನ್ನು ಪತ್ತೆ ಮಾಡಲು ಎರಡು ನಿಮಿಷ ಸಾಕಿತ್ತು. ಸೆಂಡರಿನ ವೈರ್ ಬಿಚ್ಚಿ ಕೀ ತಿರುಗಿಸಿದೆ, ಮುಳ್ಳು ಫುಲ್ ದಾಟಿತು. ಅದೇ ವೈರನ್ನು ಕಾರಿನ ಬಾಡಿಗೆ, ಅಂದರೆ ತಗಡಿನ ಮೈಗೆ, ಮುಟ್ಟಿಸಿದೆ, ಖಾಲಿಗೆ ಇಳಿಯಿತು. ಅಲ್ಲಿಗೆ ಮೀಟರೂ ಸರಿ, ವೈರೂ ಸರಿ. ತಪ್ಪು ಟ್ಯಾಂಕಿನೊಳಗೆ.

ಇದನ್ನು ಹೇಳಿಕೊಟ್ಟವರು ನನ್ನ ಸೋದರಮಾವ. ತುಮಕೂರಿನಲ್ಲಿ ಹೈವೇ ಪಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷ ಲಾರಿ ವೈರಿಂಗ್ ಮಾಡಿದವರು. ಶೆವೆಲ್ ಕಾರನ್ನು ಕಣ್ಣಲ್ಲಿ ನೋಡಿದವರಲ್ಲ. ವಾಟ್ಸಾಪ್ ವಿಡಿಯೋದಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, 'ಇದೇನೋ ಇದು, ಕಾಗೆ ಗೂಡು?' ಅಂದರು.

ಕಾಗೆ ಗೂಡೇ. ಎಲ್ಲ ವೈರೂ ಕೆಂಪು. ಒಂದೇ ಸುರುಳಿ ತಂದು ಇಡೀ ಕಾರಿಗೆ ಎಳೆದಿದ್ದಾರೆ. ಕಂಪನಿಯವರು ಪೆಟ್ರೋಲ್ ಮೀಟರಿಗೆ ತೆಳು ಕಂದು, ಟೆಂಪರೇಚರಿಗೆ ಕಡು ಹಸಿರು ಅಂತ ಬಣ್ಣ ಕೊಟ್ಟಿದ್ದರು. ಅವನ್ನೆಲ್ಲ ಅರ್ಧಕ್ಕೆ ಕತ್ತರಿಸಿ, ಕೆಂಪು ವೈರ್ ಹೊಸೆದು, ಮೇಲೆ ಟೇಪ್ ಸುತ್ತಿದ್ದಾರೆ. ಟೇಪಿನ ಅಂಟು ಬಿಸಿಲಿಗೆ ಕರಗಿ ಬೆರಳಿಗೆ ಹಲಸಿನ ಮೇಣದ ಹಾಗೆ ಹತ್ತಿಕೊಳ್ಳುತ್ತಿತ್ತು.

'ಬೇರೆ ಏನೂ ಮುಟ್ಟಬೇಡ. ಮೊದ್ಲು ಅರ್ತ್ ನೋಡು' ಅಂದರು ಮಾವ. ಅರ್ತ್ ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.

'ಎಂಜಿನ್ ಸ್ಟಾರ್ಟ್ ಆಗ್ತಿದೆ ಮಾವ, ಅರ್ತ್ ಇರಲೇಬೇಕಲ್ವಾ?'

'ಎಂಜಿನ್ನಿಗೆ ಇರತ್ತೆ ಕಣೋ. ಬಾಡಿಗೆ ಇದ್ಯಾ?'

ಇರಲಿಲ್ಲ. ಬ್ಯಾಟರಿಯ ನೆಗೆಟಿವ್ ಕೇಬಲ್ ನೇರ ಎಂಜಿನ್ನಿಗೆ ಹೋಗಿದೆ, ಹಾಗಾಗಿ ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅಲ್ಲಿಂದ ಬಾಡಿಗೆ ದಪ್ಪ ಪಟ್ಟಿ ಎಳೆಯುವುದನ್ನು ಮರೆತಿದ್ದಾರೆ. ಹೆಡ್‌ಲೈಟು, ಹೀಟರ್ ಫ್ಯಾನು, ಮೀಟರು ಎಲ್ಲದರ ಕರೆಂಟೂ ಪೆನ್ಸಿಲ್ ಕಡ್ಡಿಯಂಥ ಒಂದು ವೈರಿನಲ್ಲಿ ವಾಪಸ್ ಬರಬೇಕು. ಹೆಡ್‌ಲೈಟ್ ಹಾಕಿದಾಗೆಲ್ಲ ಮುಳ್ಳುಗಳು ಯಾಕೆ ಜಾಗ ಬಿಟ್ಟು ಕದಲುತ್ತಿದ್ದವು ಅಂತ ಆಗ ತಿಳಿಯಿತು. ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಬಾಡಿಗೆ ಇಟ್ಟೆ: 0.9 ವೋಲ್ಟ್. ಅಲ್ಲಿ 0.2ಕ್ಕಿಂತ ಕಡಿಮೆ ಇರಬೇಕು. ಬಣ್ಣ ಕೆರೆದು, ತಗಡು ಹೊಳೆಯುವ ತನಕ ಉಜ್ಜಿ, ಎಂಜಿನ್ನಿನ ಹಿಂಭಾಗದಿಂದ ಬಾಡಿಗೆ ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿ ಬಿಗಿದೆ. ಮತ್ತೆ ನೋಡಿದರೆ 0.04. ಆ ರಾತ್ರಿ ಗ್ಯಾರೇಜಿನಲ್ಲಿ ಒಬ್ಬನೇ ಕುಣಿದಿದ್ದೇನೆ, ಸಾಕ್ಷಿಗೆ ಹೆಂಡತಿ ಇದ್ದಾಳೆ.

ಟೆಂಪರೇಚರ್ ಮುಳ್ಳು ಮಾತ್ರ ಇನ್ನೂ 140 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿರಲಿಲ್ಲ. ಎಷ್ಟು ತಂಪಾದ ಎಂಜಿನ್ ಅಂತ ಮೊದಮೊದಲು ಹೆಮ್ಮೆಪಟ್ಟಿದ್ದೆ! ಬಿಸಿ ಅಳೆಯುವ ಹಳೇ ಸೆಂಡರಿನ ಮರೆ (ತಿರುಪಿನ ಥ್ರೆಡ್) ಹೊಸ ಎಂಜಿನ್ನಿಗೆ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ನೀರು ಸೋರದಿರಲಿ ಅಂತ ಅದಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಹತ್ತು ಸುತ್ತು ಸುತ್ತಿದ್ದಾರೆ. ಈ ಸೆಂಡರಿಗೆ ಇರುವುದು ಒಂದೇ ವೈರ್, ಅರ್ತ್ ಸಿಗಬೇಕಾದ್ದು ಆ ಮರೆಯಿಂದಲೇ. ಟೇಪ್ ಅದನ್ನೇ ತಡೆದಿತ್ತು. ಅರ್ತ್ ಸರಿಯಾಗಿ ಸಿಗದಿದ್ದರೆ ಈ ಮೀಟರ್ ತಪ್ಪುವುದು ತಂಪಿನ ಕಡೆಗೆ. ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ನಗುತ್ತಾ ಕೂತಿರುತ್ತದೆ. ಟೇಪ್ ಬಿಚ್ಚಿ, ಮರೆಗೆ ತೆಳ್ಳಗೆ ಸೀಲೆಂಟ್ ಸವರಿ ಹಾಕಿದೆ. ಮುಳ್ಳು ಈಗ 200ರ ಹತ್ತಿರ ನಿಲ್ಲುತ್ತದೆ, ಅದೇ ಸರಿ.

ಇಷ್ಟರವರೆಗೆ ನಗಬಹುದು. ಮುಂದಿನದಕ್ಕೆ ನನಗೆ ಇವತ್ತೂ ಸಿಟ್ಟು ಬರುತ್ತದೆ.

ಪೆಟ್ರೋಲ್ ಪಂಪಿನ ವೈರ್ ಕಾರ್ಪೆಟ್ಟಿನ ಅಂಚಿನಲ್ಲಿ ಬಂದು ಸ್ಟೀರಿಂಗ್ ಕೆಳಗಿನ ಸಾದಾ ಸ್ವಿಚ್ಚಿಗೆ ಸೇರಿತ್ತು. ಫ್ಯೂಸ್ ಇಲ್ಲ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇಲ್ಲ. ಈ ಎಂಜಿನ್ನಿನ ಕಂಪ್ಯೂಟರ್ ಪಂಪನ್ನು ತಾನೇ ನೋಡಿಕೊಳ್ಳುತ್ತದೆ. ಕೀ ತಿರುಗಿಸಿದರೆ ಎರಡು ಸೆಕೆಂಡ್ ಓಡಿಸುತ್ತದೆ. ಎಂಜಿನ್ ತಿರುಗದಿದ್ದರೆ ನಿಲ್ಲಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲಲಿ ಅಂತಲೇ ಅದನ್ನು ಹಾಗೆ ಮಾಡಿರುವುದು. ಸ್ವಿಚ್ ಹಾಕಿದರೆ ಆ ಕಾವಲು ಹೋಯಿತು. ಪೈಪ್ ಒಡೆದರೂ ಪಂಪ್ ತಳ್ಳುತ್ತಲೇ ಇರುತ್ತದೆ, 58 ಪಿಎಸ್‌ಐ ಒತ್ತಡದಲ್ಲಿ. ನಾವು ಟೈರಿಗೆ ಹಾಕಿಸುವ ಗಾಳಿ 35ರ ಆಸುಪಾಸು ಅಲ್ವಾ, ಲೆಕ್ಕ ಹಾಕಿ. ಈ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಮಗಳನ್ನು ಕೂರಿಸಿಕೊಂಡು ಐಸ್‌ಕ್ರೀಮ್ ತಿನ್ನಿಸಲು ಹೋಗಿದ್ದೆ. ರಿಲೇ ಮತ್ತು ಫ್ಯೂಸ್ ಎರಡಕ್ಕೂ ಸೇರಿ ಒಂದು ಪಿಜ್ಜಾದ ದುಡ್ಡಾಗುವುದಿಲ್ಲ.

ಉಳಿದವು ಚಿಲ್ಲರೆ. ಆರ್‌ಪಿಎಂ ಮೀಟರ್ ಅರ್ಧ ತೋರಿಸುತ್ತಿತ್ತು, ಯಾಕೆಂದರೆ ಈ ಕಂಪ್ಯೂಟರ್ ಕಳಿಸುವ ಸಿಗ್ನಲ್ ನಾಲ್ಕು ಸಿಲಿಂಡರಿನ ಲೆಕ್ಕದ್ದು. ಮೀಟರಿನ ಹಿಂದಿನ ಸ್ವಿಚ್ಚನ್ನು 8ರಿಂದ 4ಕ್ಕೆ ತಳ್ಳಿದೆ, ಮುಗಿಯಿತು. ಟ್ರಕ್ಕಿನ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) 105 ಆಂಪ್‌ನದ್ದು, ಅದಕ್ಕೆ 72ರ ಸಣ್ಣ ಚಾರ್ಜಿಂಗ್ ವೈರನ್ನೇ ಜೋಡಿಸಿದ್ದರು. ಅದರ ಮೇಲಿನ ಪ್ಲಾಸ್ಟಿಕ್ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ದಪ್ಪ ಕೇಬಲ್, ಒಂದು ದೊಡ್ಡ ಫ್ಯೂಸ್ ಹಾಕಿದೆ.

ಇಂಥ ಕಾರು ಕೊಳ್ಳುವ ಆಸೆ ಇದ್ದವರು ಇನ್‌ಬಾಕ್ಸಿನಲ್ಲಿ ಕೇಳುತ್ತಿರುತ್ತೀರಿ, ಎಷ್ಟು ಹಾರ್ಸ್‌ಪವರ್ ಅಂತ. ನೀವು ಕೇಳಬೇಕಾದ್ದು ವೈರಿಂಗ್ ಡಯಾಗ್ರಾಮ್. ಕೈಯಲ್ಲಿ ಬರೆದದ್ದಾದರೂ ಆಗಬಹುದು, ಯಾವ ವೈರ್ ಎಲ್ಲಿಗೆ ಅಂತ ಬರೆದಿಟ್ಟವರು ಸಾಮಾನ್ಯವಾಗಿ ಕೆಲಸವನ್ನೂ ನೆಟ್ಟಗೆ ಮಾಡಿರುತ್ತಾರೆ. ಇಲ್ಲ ಅಂದರೆ ಕಾರು ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿ. ಮುಳ್ಳುಗಳು ಕದಲಿದರೆ ಬೆಲೆ ಇಳಿಸಿ ಅಥವಾ ಕಾಫಿ ಕುಡಿದು ಎದ್ದು ಬನ್ನಿ.

ಹೋದ ಭಾನುವಾರ ಮಾವನಿಗೆ ಮತ್ತೆ ವಿಡಿಯೋ ಮಾಡಿ, ಬಣ್ಣಬಣ್ಣದ ವೈರುಗಳನ್ನು ನೀಟಾಗಿ ಕಟ್ಟಿದ್ದು ತೋರಿಸಿದೆ. ತಲೆ ಆಡಿಸಿದರು. ಆಮೇಲೆ ಕನ್ನಡಕ ಏರಿಸಿ, 'ಆ ಗಡಿಯಾರ ಯಾಕೋ ನಿಂತಿದೆ?' ಅಂದರು.

'ಅದು ಮೊದಲಿಂದಲೂ ಕೆಟ್ಟಿದೆ ಮಾವ. ಹೊಸದು ಆರ್ಡರ್ ಮಾಡಿದೀನಿ.'

'ಅರ್ತ್ ನೋಡಿದ್ಯಾ?'

ಆರ್ಡರ್ ಇನ್ನೂ ಕ್ಯಾನ್ಸಲ್ ಮಾಡಬಹುದು, ನೋಡಿದೆ.